ಮಿಲ್ಟ್ರಿ ಕಾಕಾನ ಸಾವಧಾನ್

ಮೊದಲ ದಿನವೇ ನಾವು ಆತನ ಮರ್ಯಾದೆ ಕಳೆದೆವು. ದೋರನಹಳ್ಳಿಯ ಶಾಲೆಯ ಮೈದಾನದಲ್ಲಿ ಏಳು ಹುಡುಗಿಯರು ಸಾಲಾಗಿ ನಿಂತಿದ್ದೆವು. ಫೌಜಿನಿಂದ ನಿವೃತ್ತನಾಗಿ ಬಂದ ಹವಾಲ್ದಾರ, ಊರಿಗೆಲ್ಲ ಮಿಲ್ಟ್ರಿ ಕಾಕಾ, ಎದೆ ಸೆಟೆಸಿ “ಸಾವಧಾನ್!” ಎಂದು ಗುಡುಗಿದ. ಹಿಂದಿಯಲ್ಲಿ ಹಾಗೆಂದರೆ ಮೈಯೆಲ್ಲ ಎಚ್ಚರವಾಗಿ ನೆಟ್ಟಗೆ ನಿಲ್ಲಬೇಕಂತೆ. ನಮಗೇನು ಗೊತ್ತು? ನಮ್ಮ ಮನೆಗಳಲ್ಲಿ ಸಾವಧಾನ ಅಂದರೆ ಅವಸರ ಮಾಡಬೇಡ ಅಂತ. ಒಬ್ಬಳು ಆರಾಮಾಗಿ ಕೂತೇಬಿಟ್ಟಳು. ನಾನಂತೂ ಬಾಯಿಬಡುಕಿ. ಲಗ್ನದಲ್ಲಿ ಅಕ್ಷತೆ ಹಾಕುವಾಗಿನ ರಾಗದಲ್ಲೇ “ಶುಭಮಂಗಲ ಸಾವಧಾನ! ಅಕ್ಕಿಕಾಳು ಎಲ್ಲಿ ಅದಾವ್ರಿ ಕಾಕಾ?” ಅಂದೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಆತ ಬೈಯಲಿಲ್ಲ. “ಅಕ್ಕಿಕಾಳು ನಿಮ್ಮ ಮನ್ಯಾಗ ತಯಾರ್ ಅದಾವ. ಓಡಲಿಲ್ಲಂದ್ರ ತಲಿ ಮ್ಯಾಲೆ ಬೀಳ್ತಾವ. ಓಡು,” ಅಂದ.

ಮಾತು ಖರೆಯೇ. ಪೊಲೀಸ್ ಭರ್ತಿಯ ಓಟದಲ್ಲಿ ಪಾಸಾದರೆ ನೌಕರಿ, ಇಲ್ಲದಿದ್ದರೆ ಸಗರದ ವರನ ಜತೆ ಲಗ್ನ ಎಂದು ಅಪ್ಪ ಹೇಳಿಬಿಟ್ಟಿದ್ದ.

ಹುಡುಗಿಯರನ್ನು ಭರ್ತಿಗೆ ತಯಾರು ಮಾಡು ಎಂದು ಕಾಕಾನಿಗೆ ಯಾರೂ ಹೇಳಿರಲಿಲ್ಲ. ದಿನಾ ನಸುಕಿನಲ್ಲಿ ನಮಗಿಂತ ಮೊದಲೇ ಬಂದು, ಮೈದಾನದ ಕಲ್ಲು ಆಯ್ದು, ಸುಣ್ಣದ ಗೆರೆ ಎಳೆದಿರುತ್ತಿದ್ದ. “ಪೆನ್ಶನ್ ತಿಂದು ಸುಮ್ನ ಕುಂದ್ರೋದು ಬಿಟ್ಟು ಮಂದಿ ಹೆಣ್ಮಕ್ಕಳ್ನ ಓಡಸ್ತಾನ,” ಎಂದು ಊರು ಆಡಿಕೊಳ್ಳುತ್ತಿತ್ತು. ಮೊದಮೊದಲು ನಾನೂ ಹುಚ್ಚ ಅಂದುಕೊಂಡಿದ್ದೆ.

ನನ್ನ ರೋಗ ಒಂದೇ. ಸೀಟಿ ಊದಿದೊಡನೆ ಬಾಣ ಬಿಟ್ಟಂತೆ ಓಡಿ, ಅರ್ಧಕ್ಕೇ ಏದುಸಿರು. ಒಂದು ದಿನ ಕಾಕಾ ಗಡಿಯಾರ ಹಿಡಿದು ನಕ್ಕ. “ನಿಮ್ಮ ಮಾತೂ ಖರೆ ಅದ ನೋಡವಾ. ಮೊದಲ ಅರ್ಧಕ್ಕ ನಿಮ್ಮ ಮನಿ ಸಾವಧಾನ, ಕಡೀ ಅರ್ಧಕ್ಕ ನನ್ನ ಫೌಜಿಂದು.”

ಪರೀಕ್ಷೆಯ ದಿನ ಅದನ್ನೇ ಮರೆತೆ. ಹಾಳು ಕಾಲು, ಹಳೇ ಚಾಳಿ! ಕೂದಲೆಳೆಯಲ್ಲಿ ತಪ್ಪಿತು.

ಮರುದಿನ ಕಾಕಾ ನಮ್ಮ ಮನೆಗೆ ಬಂದ. ಕೂಡ್ರಿ ಎಂದರೂ ಕೂಡಲಿಲ್ಲ. ಇನ್ನೊಂದು ವರ್ಷ ಕೊಡಿ ಎಂದು ಅಪ್ಪನನ್ನು ಕೇಳಿದ.

“ನಿಮ್ಮ ಮಗಳಾಗಿದ್ರ ಏನ್ ಮಾಡ್ತಿದ್ರಿ?” ಅಪ್ಪ ಖಾರವಾಗಿಯೇ ಅಂದ.

“ಮಾಡೀನ್ರೀ. ಲಗ್ನ ಮಾಡಿ ಕೊಟ್ಟೀನಿ. ‘ಮುಂದ ಓದ್ತೀನಪ್ಪಾ, ನೀ ಬಂದು ಮನ್ಯಾಗಿನವರಿಗೆ ಲಗ್ನ ಬ್ಯಾಡ ಅಂತ ಹೇಳು’ ಅಂತ ಆಕಿ ಫೌಜಿಗೆ ಪತ್ರ ಬರದಿದ್ಲು. ಕೇಳಿದ್ರ ರಜಾ ಸಿಗ್ತಿತ್ತು. ನಾನ ಕೇಳಲಿಲ್ಲ.”

ಅಪ್ಪ ತಾನೂ ಎದ್ದು ನಿಂತ. ಆಮೇಲೆ “ಒಂದ ವರ್ಷ ನೋಡ್ರಿ, ಮತ್ತ ಕೇಳಬ್ಯಾಡ್ರಿ,” ಅಂದ. ಆ ವರ್ಷದಲ್ಲಿ ನಾನು ಪಾಸಾದೆ. ಈಗ ಸುರಪುರದಲ್ಲಿ ಕಾನ್‌ಸ್ಟೇಬಲ್. ನನ್ನ ಮೈಮೇಲಿನ ಖಾಕಿ ಆತ ಕೊಡಿಸಿದ್ದು, ಇದನ್ನು ಹೇಳಲು ನನಗೆ ಯಾವ ನಾಚಿಕೆಯೂ ಇಲ್ಲ.

ಹೋದ ಬೇಸಿಗೆಯಲ್ಲಿ ಕಾಕಾ ತೀರಿಕೊಂಡ. ಮಣ್ಣಿಗೆ ಹೋಗಿದ್ದೆ. ಯಾದಗಿರಿಯಿಂದ ಬಂದಿದ್ದ ಆತನ ಮಗಳು, ನನಗಿಂತ ಬಹಳ ಹಿರಿಯಳು, ನನ್ನ ಕೈ ಹಿಡಿದು ಕೇಳಿದಳು: “ನಮ್ಮಪ್ಪಗ ನಿಮ್ಮೆಲ್ಲಾರ ಮ್ಯಾಲೆ ಯಾಕವಾ ಅಷ್ಟು ಜೀವ?”

ಸಮಾಧಾನವಾಗಲಿ ಎಂದು ಎಲ್ಲ ಹೇಳಿದೆ. ಆತ ನಮ್ಮ ಮನೆಗೆ ಬಂದದ್ದು, ಅಪ್ಪನ ಮುಂದೆ ನಿಂತದ್ದು, ಪತ್ರದ ಮಾತು ಆಡಿದ್ದು. ಅಯ್ಯೋ, ನನ್ನ ಬಾಯಿ!

ಆಕೆ ಮೆಲ್ಲಗೆ ಕೈ ಬಿಟ್ಟಳು.

“ಅಂದ್ರ ಪತ್ರ ಮುಟ್ಟಿತ್ತೇನು?” ಅಂದಳು. “ಮುಟ್ಟೇ ಇಲ್ಲ ಅಂತ ತಿಳಕೊಂಡು ಅಪ್ಪಗ ಮಾಫ್ ಮಾಡಿದ್ದೆನವಾ ನಾ.”