ರತ್ನಳ ಫೋನಿಗೆ ಯಾಕೆ ಕಾಟವಿಲ್ಲ?

ರೈಲು ಬಂಗಾರಪೇಟೆ ತಲುಪುವಷ್ಟರಲ್ಲಿ ನನಗೆ ಮೂರನೇ ಅಪರಿಚಿತ ಕರೆ ಬಂತು. ಯಾವನೋ ಗಂಡಸು, "ಊಟ ಆಯ್ತಾ?" ಎಂದ. ಕತ್ತರಿಸಿದೆ. ಪಕ್ಕದಲ್ಲಿ ರತ್ನ ನಿಶ್ಚಿಂತೆಯಾಗಿ ಕಡಲೆಕಾಯಿ ತಿನ್ನುತ್ತಿದ್ದಳು. ಉರಿಗಾಂನಲ್ಲಿ ಇಬ್ಬರೂ ರವಿಕೆ ಹೊಲಿಯುತ್ತೇವೆ, ಒಂದೇ ಮೆಸೇಜ್ ಗುಂಪಿನಲ್ಲಿ ಗಿರಾಕಿ ಹುಡುಕುತ್ತೇವೆ. ಅವಳಿಗೇಕೆ ಈ ಕಾಟವಿಲ್ಲ? ಹೊಟ್ಟೆ ಉರಿದು ಕೇಳಿಯೇಬಿಟ್ಟೆ.

"ನಾನು ನಂಬರೇ ತೋರ್ಸಲ್ಲ ಕಣಕ್ಕಾ. ಆ್ಯಪಲ್ಲಿ ನಂಬರ್ ಬದ್ಲು ಒಂದು ಎಸರು ಇಟ್ಕೊಂಡಿದೀನಿ, ಬೇಕಾದೋರು ಅದಕ್ಕೇ ಮೆಸೇಜ್ ಆಕ್ತಾರೆ," ಎಂದಳು. ನನ್ನ ಫೋನು ಇಸಿದುಕೊಂಡು ಹಾಗೇ ಮಾಡಿಕೊಟ್ಟಳು. ಅಷ್ಟರಲ್ಲೇ ಇನ್ನೊಂದು ಅಪರಿಚಿತ ಕರೆ.

"ಆಗ್ಲೇ ನಂಬರ್ ಸಿಕ್ಕಿರೋರ ಅತ್ರ ಅದು ಅಂಗೇ ಇರ್ತದಕ್ಕಾ," ಎಂದಳು ಮೆಲ್ಲಗೆ.

ಹೊಸ ಗಿರಾಕಿಗಳಿಗೀಗ ನನ್ನ ಹೆಸರಷ್ಟೇ ಗೊತ್ತು. ಉಪಕಾರ ಮಾಡಿದವಳ ಮೇಲೆ ಹೊಟ್ಟೆಕಿಚ್ಚು ಪಡಬಾರದು ನಿಜ. ಆದರೆ ಒಂದು ವರ್ಷ ಮೊದಲೇ ನನಗೆ ತಿಳಿಯಬಾರದಿತ್ತೇ ಎಂಬ ಸಂಕಟ ಇನ್ನೂ ಹೋಗಿಲ್ಲ.