ನನ್ನನ್ನು ಬೈಯಲು ಒಂದು ಜಾಗ

ನಾನು ಕ್ಯಾಂಟೀನಿನ ಮೇಜಿಗೆ ಬಂದು ಕೂತ ಕೂಡಲೇ ನನ್ನ ವಿಭಾಗದ ಹೆಂಗಸರೆಲ್ಲ ಡಬ್ಬಿ ಮುಚ್ಚಿದರು. ಅದೂ ಅರ್ಧ ತಿಂದ ಚಿತ್ರಾನ್ನದ ಡಬ್ಬಿಗಳನ್ನು! ಗದಗಿನ ನಮ್ಮ ಓಣಿಯಲ್ಲಿ ಉಣ್ಣುವಾಗ ಯಾರಾದರೂ ಬಂದರೆ ಸರಿದು ಜಾಗ ಮಾಡಿ, "ಬರ್ರಿ, ಊಟ ಮಾಡೂಣು" ಅನ್ನುತ್ತೇವೆ. ಇಲ್ಲಿ "ಆಯ್ತು ಮೇಡಂ" ಎಂದು ಎದ್ದೇಬಿಟ್ಟರು. ನನ್ನ ಜೋಳದ ರೊಟ್ಟಿ ಏನು ಪಾಪ ಮಾಡಿತ್ತು ಎಂದು ಸಿಟ್ಟು ಬಂತು.

ತೊಂಬತ್ತರ ದಶಕದ ಕೊನೆಯಲ್ಲಿ ಬಡ್ತಿಯ ಮೇಲೆ ಕೆ.ಆರ್. ಪುರದ ಕಡೆಯ ಒಂದು ಸರಕಾರಿ ಕಾರ್ಖಾನೆಗೆ, ವಿದ್ಯುತ್ ಮೀಟರು ಜೋಡಿಸುವ ವಿಭಾಗದ ಮುಖ್ಯಸ್ಥೆಯಾಗಿ ಬಂದಿದ್ದೆ. ಮನೆ ಸಿಕ್ಕಿದ್ದು ಹಲಸೂರಿನಲ್ಲಿ, ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ. ಬೆಳಗಾದರೆ ಮನೆಯೊಡತಿ ಮೆಟ್ಟಿಲ ಮೇಲಿಂದ ತಮಿಳಿನಲ್ಲಿ "ಸಾಪ್ಟಾಚಾ?" ಅನ್ನುತ್ತಿದ್ದರು, ಉಂಡಾಯಿತೇ ಎಂದು. ಊಟಕ್ಕೆ ಕರೆಯುತ್ತಾರೇನೋ ಎಂದು ನಾನು ನಿಂತು ಕಾಯುತ್ತಿದ್ದೆ. ಅದು ಬರೀ ನಮಸ್ಕಾರವೆಂದು ತಿಳಿದ ಮೇಲೆ "ಆಚು, ಆಚು", ಆಯಿತು ಆಯಿತು, ಅನ್ನುತ್ತ ಬಸ್ಸಿಗೆ ಓಡುವುದನ್ನು ಕಲಿತೆ. ಹಲಸೂರನ್ನು ಅಷ್ಟರಮಟ್ಟಿಗೆ ಗೆದ್ದೆ.

ಕಾರ್ಖಾನೆಯನ್ನು ಗೆಲ್ಲುವುದು ಆಗಲಿಲ್ಲ. ನಮ್ಮ ಹಳೆಯ ಮಾದರಿಯ ಮೀಟರನ್ನು ಕೊಳ್ಳುವವರು ಕಡಿಮೆಯಾಗಿದ್ದರು. ವಿಭಾಗ ಮುಚ್ಚುತ್ತಾರಂತೆ, ಸ್ವಯಂ ನಿವೃತ್ತಿ ಕೊಟ್ಟು ಎಲ್ಲರನ್ನೂ ಕಳಿಸುತ್ತಾರಂತೆ ಎಂಬ ಸುದ್ದಿ. ಮೇಲಿನವರನ್ನು ಕೇಳಿದರೆ ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಮಾತು. ಹೆಂಗಸರ ಮುಂದೆ ನಾನು ಮಾತ್ರ ದೊಡ್ಡ ದನಿಯಲ್ಲಿ, "ಏನೂ ಆಗಂಗಿಲ್ರಿ, ನಾ ಅದೀನಲ್ಲ!" ಅನ್ನುತ್ತಿದ್ದೆ. ಮುಖ್ಯಸ್ಥೆ ಎಂದರೆ ಹಾಗೇ ಇರಬೇಕೆಂದು ತಿಳಿದಿದ್ದೆ. ಅವರು ಡಬ್ಬಿ ಮುಚ್ಚಿದರೂ, ಅಧಿಕಾರಿಗಳ ಊಟದ ಕೋಣೆ ಬಿಟ್ಟು ದಿನವೂ ಅವರ ಮೇಜಿಗೇ ಹೋಗುತ್ತಿದ್ದೆ. ಅವರೇ ನನ್ನನ್ನು ನಂಬದಿದ್ದರೆ ನಾನು ಯಾರಿಗೆ ಮುಖ್ಯಸ್ಥೆ?

ಕೊನೆಗೆ ವಿಭಾಗದಲ್ಲೆಲ್ಲ ಹಿರಿಯರಾದ ಹೊರಮಾವಿನ ಮುನಿಯಮ್ಮ, ಕೈ ತೊಳೆಯುವಲ್ಲಿ ನನ್ನನ್ನು ತಡೆದರು.

"ಬೇಜಾರ್ ಮಾಡ್ಕೋಬೇಡಿ ಮೇಡಂ. ನೀವು ಒಳ್ಳೇವ್ರೇ. ಆದ್ರೆ ನೀವು ಇಲ್ಲೇ ಕೂತ್ಬಿಟ್ರೆ ನಿಮ್ಮನ್ನ ನಾವು ಎಲ್ಲಿ ಬೈಯೋದು?"

"ಬೈಯಾಕ ನಾ ಏನ್ ತಪ್ಪು ಮಾಡೀನ್ರಿ?"

"ತಪ್ಪೇನಿಲ್ಲ. ಕೆಲ್ಸ ಬಿಡೋದಾ, ಇರೋದಾ ಅಂತ ಮಾತಾಡ್ಕೊಳಕ್ಕೆ ನಮ್ಗೆ ಇರೋದು ಇದೊಂದ್ ಅರ್ಧ ಗಂಟೆ. ನೀವು ಬಂದು ಏನೂ ಆಗಲ್ಲ ಅಂತೀರಿ. ನಿಮ್ಗೆ ನಿಜವಾಗ್ಲೂ ಗೊತ್ತಾ?"

ಗೊತ್ತಿರಲಿಲ್ಲ. ಅವತ್ತು ನನ್ನ ಕೋಣೆಯಲ್ಲಿ ಒಬ್ಬಳೇ ಕೂತು ರೊಟ್ಟಿ ಮುರಿದೆ. ಪ್ರೀತಿಯಿಂದ ಆಡಿದ ಮಾತು ಅವರ ಮೂಗಿಗೆ ತುಪ್ಪ ಸವರಿದಂತಾಗಿತ್ತು. ಅವಮಾನವೂ ಆಯಿತು, ಯಾಕೆ ಸುಳ್ಳು ಹೇಳಲಿ! ಮರುದಿನ ಕೆಲಸ ಶುರುವಾಗುವ ಮುಂಚೆ ಎಲ್ಲರ ಮುಂದೆ ನಿಂತು ಹೇಳಿದೆ: "ವಿಭಾಗ ಉಳೀತದೋ ಇಲ್ಲೋ ನನಗೂ ಗೊತ್ತಿಲ್ರಿ. ಗೊತ್ತಾದ ದಿನಾನ ನಿಮಗ ಹೇಳತೀನಿ." ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೆಲಸಕ್ಕೆ ಕೂತರು. ಮೇಜಿಗೆ ಹೋಗುವುದನ್ನು ನಾನು ಬಿಟ್ಟೆ.

ಆ ದಿನ ಬಂದೇಬಂತು. ಮುಚ್ಚುವುದು ಖಚಿತವೆಂದು ಮೇಲಿನಿಂದ ಮಾತು ಬಂದಾಗ ಊಟದ ಗಂಟೆ ಇನ್ನೂ ಆಗಿರಲಿಲ್ಲ. ಆಗಲೇ ಹೇಳಿಬಿಟ್ಟೆ. ಗಂಟೆಯಾದ ಮೇಲೆ ಹೆಂಗಸರು ಡಬ್ಬಿ ಹಿಡಿದು ಹೋದರು. ಸ್ವಲ್ಪ ಹೊತ್ತಿಗೆ ತಡೆಯಲಾರದೆ ಕ್ಯಾಂಟೀನಿನ ಬಾಗಿಲವರೆಗೆ ಹೋದೆ. ಒಳಗೆ ಕನ್ನಡ, ತಮಿಳು, ಉರ್ದು, ಎಲ್ಲದರಲ್ಲೂ ಬೈಗುಳ. ನಡುವೆ ಮುನಿಯಮ್ಮನ ದನಿ: "ಆ ಗದಗಿನವ್ಳು..." ಮುಂದಿನದನ್ನು ನಿಮಗೆ ಬರೆಯಲಾರೆ.

ನಮ್ಮ ಗದಗಿನಲ್ಲಾಗಿದ್ದರೆ ಒಳಗೆ ನುಗ್ಗಿ ಅವರನ್ನು ತಬ್ಬಿಕೊಂಡು ಅತ್ತುಬಿಡುತ್ತಿದ್ದೆ. ಇಲ್ಲೂ ಅದೇ ಆಸೆಯಾಯಿತು. ಆದರೆ ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡೆ. ಬೇರೆ ಯಾವ ಅಧಿಕಾರಿಯೂ ಒಳಗೆ ಹೋಗದ ಹಾಗೆ, ಅವರ ಊಟ ಮುಗಿಯುವವರೆಗೂ ಹೊರಗೇ ನಿಂತಿದ್ದೆ.