ದೀಪ ಹಚ್ಚಿದ ಮೇಲೆ ಬಿಯರಿನ ಹೆಪ್ಪು

ಕಳೆದ ಶುಕ್ರವಾರ ಸಂಜೆ ನನ್ನ ಹೆಂಡತಿ, ಪಕ್ಕದ ಮನೆಯವರಿಗೆ ಬಿಯರಿನ ಹೆಪ್ಪು ಕೊಡುವುದಿಲ್ಲ ಎಂದು ಹಟ ಹಿಡಿದು ನಿಂತಳು.

ಇರಿ, ಇರಿ. ಮೇಷ್ಟರ ಮನೆಗೆ ಬಿಯರಿನ ಹೆಪ್ಪು ಎಲ್ಲಿಂದ ಬಂತು ಎಂದು ಹುಬ್ಬೇರಿಸಬೇಡಿ. ಅದನ್ನೇ ಹೇಳಲು ಹೊರಟಿದ್ದೇನೆ. (ನಾನು ಕುಡಿಯುವುದು ಕಾಫಿ ಮಾತ್ರ. ನಂಬುವವರು ನಂಬಬಹುದು.)

ಪಕ್ಕದ ಮನೆಯ ಮಾಚಯ್ಯನವರು ಶ್ರೀಮಂಗಲದ ಕಡೆಯ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದು ರಿಟೈರ್ ಆದವರು. ಮನೆಯಲ್ಲೇ ಬಿಯರ್ ಮಾಡುವುದನ್ನು ಅವರಿಗೆ ಕಲಿಸಿದ್ದು ಅಲ್ಲಿನ ಇಂಗ್ಲಿಷ್ ದೊರೆ. ಸ್ವಾತಂತ್ರ್ಯ ಬಂದ ಮೇಲೆ ದೊರೆ ಸೀಮೆಗೆ ಹೋದರು, ವಿದ್ಯೆ ನಮ್ಮ ಮಡಿಕೇರಿಯಲ್ಲಿ ಉಳಿಯಿತು. ಬಿಯರ್ ಆದ ಮೇಲೆ ಭರಣಿಯ ತಳದಲ್ಲಿ ಕೆನೆಬಣ್ಣದ ಗಸಿ ನಿಲ್ಲುತ್ತದೆಯಂತೆ. ಅದೇ ಯೀಸ್ಟ್. ಅದನ್ನು ಚೆಲ್ಲುವಂತಿಲ್ಲ. ಬಾಟ್ಲಿಗೆ ತುಂಬಿಟ್ಟು ಮುಂದಿನ ಸಲದ ಭರಣಿಗೆ ಹಾಕಬೇಕು. ಹೀಗೆ ದೊರೆ ಕೊಟ್ಟ ಯೀಸ್ಟನ್ನೇ ಮಾಚಯ್ಯನವರು ವರ್ಷಗಟ್ಟಲೆ ಸಾಕಿಕೊಂಡು ಬಂದಿದ್ದಾರೆ.

ಕಳೆದ ತಿಂಗಳು ಅವರು ಬಾಳೆಲೆ ಊರಿನ ಮಗಳ ಮನೆಗೆ ಎರಡು ವಾರಕ್ಕೆ ಹೊರಟಾಗ ಆ ಬಾಟ್ಲಿಯನ್ನು ನನ್ನ ಹೆಂಡತಿ ಶಾರದೆಯ ಕೈಗೆ ಕೊಟ್ಟರು. "ದಿನಾ ಬೆಳಿಗ್ಗೆ ಒಮ್ಮೆ ಮುಚ್ಚಳ ಸಡಿಲ ಮಾಡಿ ಅಮ್ಮ. ಇಲ್ಲದಿದ್ರೆ ಗ್ಯಾಸ್ ತುಂಬಿ ಒಡೀತದೆ. ಇದಕ್ಕೆ ಜೀವ ಉಂಟು."

ಜೀವ ಉಂಟು ಎಂದ ಮೇಲೆ ಹಾಸನದ ಕಡೆಯ ನನ್ನ ಹೆಂಡತಿಗೆ ಇನ್ನೇನು ಬೇಕು? ನೀರಿನ ತೊಟ್ಟಿಯ ಪಕ್ಕದ ತಂಪಿನಲ್ಲಿ, ಮೊಸರಿನ ಹೆಪ್ಪಿನ ಜೊತೆಗೇ ಇಟ್ಟಳು. ದಿನಾ ಬೆಳಿಗ್ಗೆ ಮುಚ್ಚಳ ಸಡಿಲಿಸಿ, "ಉಸ್ ಅಂತು ಕಣ್ರೀ" ಎಂದು ನನಗೆ ರಿಪೋರ್ಟ್. ನನಗೆ ಜ್ವರ ಬಂದಾಗಲೂ ಇಷ್ಟು ವಿಚಾರಣೆ ನಡೆದಿರಲಿಲ್ಲ.

ಊರಿಂದ ಬಂದ ಮಾಚಯ್ಯನವರು ಶುಕ್ರವಾರವಿಡೀ ಒಲೆಯ ಮುಂದೆ ಕೂತು ಮೊಳಕೆ ಬಾರ್ಲಿಯ ಮಾಲ್ಟ್ ಕುದಿಸಿದರು. ಕೊಡವರ ಕೈಲ್ ಮುಹೂರ್ತದ ಹಬ್ಬಕ್ಕೆ ಮಗಳು, ಅಳಿಯ ಬರುತ್ತಾರೆ. ಅಳಿಯನಿಗೆ ಮಾವನ ಬಿಯರೇ ಆಗಬೇಕು. ಮಾಲ್ಟ್ ಇದ್ದದ್ದು ಅಷ್ಟೇ, ಹಾಪ್ಸ್ ಎಂಬ ಕಹಿ ಹೂವೂ ಅದೇ ಕೊನೆಯ ಹಿಡಿ. ಬೆಂಗಳೂರಿನಿಂದ ತರಿಸುವಷ್ಟರಲ್ಲಿ ಹಬ್ಬ ಕಳೆದಿರುತ್ತದೆ. ಕುದಿಸಿದ್ದು ಆರುವ ಹೊತ್ತಿಗೆ ಮುಸ್ಸಂಜೆಯಾಗಿತ್ತು. ಬಾಟ್ಲಿ ಕೇಳಲು ಬಂದರು.

"ದೀಪ ಹಚ್ಚಾಯ್ತಲ್ಲ ಮಾಚಯ್ಯನೋರೇ! ಈಗ ಹೆಪ್ಪು ಮನೆಯಿಂದ ಆಚೆ ಹೋಗಬಾರ್ದು. ಅದೂ ಶುಕ್ರವಾರ. ಬೆಳಿಗ್ಗೆ ಬನ್ನಿ" ಎಂದಳು ಶಾರದೆ.

"ಬೆಳಿಗ್ಗೆ ತನಕ ಯೀಸ್ಟ್ ಬೀಳದಿದ್ರೆ ಭರಣಿ ಪೂರ್ತಿ ಕೆಟ್ಟು ಹೋಗ್ತದೆ ಅಮ್ಮ. ಇದೆಂತ ಮೊಸರಾ? ಬಿಯರು!"

"ಹಾಲಿಗೆ ಹಾಕಿದ್ರೆ ಮೊಸರು, ನಿಮ್ಮ ಕಷಾಯಕ್ಕೆ ಹಾಕಿದ್ರೆ ಬಿಯರು. ಎರಡೂ ಹೆಪ್ಪೇ ಅಲ್ವಾ?"

ಮಾಚಯ್ಯನವರು ನನ್ನ ಮುಖ ನೋಡಿದರು. ನಾನು ಸೂರು ನೋಡಿದೆ. (ನಮ್ಮ ಈ ಪುಟ್ಟ ಕೊಡಗು ರಾಜ್ಯ ನಡೆಸಲೂ ಇಬ್ಬರು ಮಂತ್ರಿಗಳು ಬೇಕು. ನಮ್ಮ ಮನೆಗೆ ಒಬ್ಬಳೇ ಸಾಕು.)

ಅವರ ಮುಖ ಸಪ್ಪಗಾಯಿತು. "ಹೇಸಿಗೆ ಆಗಿದ್ರೆ ಹೇಳಿಬಿಡಿ ಅಮ್ಮ. ಇದನ್ನೆಲ್ಲ ನಿಮ್ಮ ಮನೇಲಿ ಇಡಬಾರದಿತ್ತು ನಾನು."

"ಅಯ್ಯೋ, ಹೇಸಿಗೆ ಆಗಿದ್ರೆ ಯಾವ ಹೊತ್ತಲ್ಲಾದ್ರೂ ಕೊಟ್ಟು ಕೈ ತೊಳ್ಕೋತಿದ್ದೆ! ಮನೆ ಹೆಪ್ಪಾಯ್ತಲ್ಲ, ಅದಕ್ಕೇ ಕೊಡಲ್ಲ ಅಂದಿದ್ದು." ಅವರ ಮನೆಯತ್ತ ಕೈ ತೋರಿದಳು. "ಹೆಪ್ಪು ತಾನೇ ಆಚೆ ಹೋಗಬಾರ್ದು? ನಿಮ್ಮ ಭರಣಿ ಒಳಗೆ ಬರಬಹುದಲ್ಲ. ತನ್ನಿ."

ನಾನೂ ಅವರೂ ಆಚೀಚೆ ಹಿಡಿದು ಭರಣಿ ಹೊತ್ತು ತಂದೆವು. ಅಡುಗೆಮನೆಯ ಹೊಸ್ತಿಲಲ್ಲಿ ಮಾಚಯ್ಯನವರ ಕಾಲು ನಿಂತಿತು. ಅವರು ಯಾವತ್ತೂ ನಮ್ಮ ಜಗಲಿ ದಾಟಿ ಬಂದವರಲ್ಲ.

"ಇಲ್ಲೇ ಇಳಿಸುವನಾ ಮೇಷ್ಟ್ರೇ?"

"ಅಲ್ಲಿಟ್ರೆ ನಾನು ಎಡವಿ ಬೀಳ್ತೀನಿ. ಒಳಗೆ ಬನ್ನಿ" ಎಂದಳು ಶಾರದೆ, ಒಲೆಯ ಬದಿಯಲ್ಲಿ ಜಾಗ ಮಾಡುತ್ತ.

ಬಂದರು. ಅವಳು ಬಾಟ್ಲಿಯ ಮುಚ್ಚಳ ತೆಗೆದು ಕೊಟ್ಟಳು, ಅವರು ಸುರಿದರು. ಇಬ್ಬರೂ ಭರಣಿಯೊಳಗೆ ಬಗ್ಗಿ ನೋಡಿದರು.

ಬೆಳಿಗ್ಗೆ ನೋಡಿದರೆ ಭರಣಿಯ ತುಂಬ ನೊರೆ! ಹಬ್ಬಕ್ಕೆ ಬಿಯರ್ ಗ್ಯಾರಂಟಿಯಂತೆ. ಈಗ ಮಾಚಯ್ಯನವರು ದಿನಕ್ಕೆ ಮೂರು ಸಲ ಅಡುಗೆಮನೆಗೆ ಬರುತ್ತಾರೆ. ಮಣೆ ಎಳೆದುಕೊಂಡು ಕೂತು, ಭರಣಿಗೆ ಕಿವಿಗೊಟ್ಟು, ಶಾರದೆ ಕೊಟ್ಟ ಕಾಫಿ ಕುಡಿದು ಹೋಗುತ್ತಾರೆ.

ಗೋಡೆಗೆ ಗೋಡೆ ತಾಗಿದ ಮನೆ, ನಾಲ್ಕು ವರ್ಷದ ನೆರೆ. ಒಂದು ದಿನವಾದರೂ ಅವರನ್ನು "ಒಳಗೆ ಬನ್ನಿ" ಎಂದು ಕರೆಯಲು ನನಗೇನು ಧಾಡಿಯಾಗಿತ್ತು?